ನಾಲ್ಕನೇ ಜಾಡಿ

ಬನಶಂಕರಿ ಎರಡನೇ ಹಂತದಲ್ಲಿ ನನ್ನನ್ನು ಸೀತಾಲಕ್ಷ್ಮಿ ಎಂದು ಕರೆಯುವವರು ಈಗ ಕಡಿಮೆ. ತರಕಾರಿ ಅಂಗಡಿಯವನಿಂದ ಹಿಡಿದು ಗಣಪತಿ ದೇವಸ್ಥಾನದ ಅರ್ಚಕರವರೆಗೆ ಎಲ್ಲರಿಗೂ ನಾನು ‘ಅಂಟಾರ್ಟಿಕಾ ಮೇಡಂ’. 2007ರ ಫೆಬ್ರವರಿಯಲ್ಲಿ ಹದಿಮೂರು ದಿನ ಹಡಗಿನಲ್ಲಿ ಕೂತು ದಕ್ಷಿಣ ಧ್ರುವಖಂಡದ ಅಂಚಿನವರೆಗೆ ಹೋಗಿ ಬಂದೆನಲ್ಲ, ಅದರ ಬಿರುದು ಇದು. ಬಡಾವಣೆಯ ಸಂಘದವರು ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಮ್ಮ ಯಜಮಾನರು, ಬ್ಯಾಂಕಿನಿಂದ ನಿವೃತ್ತರಾದ ಸೀನು, ಪೇಟ ತೊಟ್ಟ ಫೋಟೋ ನೋಡಿ ‘ಥೇಟ್ ಪೆಂಗ್ವಿನ್ ಕಣೇ ನೀನು’ ಎಂದು ಒಂದು ವಾರ ನಕ್ಕರು. ಆ ಫೋಟೋವನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಹಾಕಿಟ್ಟಿದ್ದೇನೆ. ನೋಡಲು ನಾಚಿಕೆಯಾಗುತ್ತದೆ. ಯಾಕೆಂದು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ನಾನು ಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ನಮ್ಮ ಪ್ರಾಕ್ಟಿಕಲ್ ಕ್ಲಾಸುಗಳಲ್ಲಿ ಒಂದು ಪದ್ಧತಿ ಇದೆ. ವಿಜ್ಞಾನ ಓದಿದವರಿಗೆಲ್ಲ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಪ್ರಯೋಗದ ಉತ್ತರ ಎಷ್ಟು ಬರಬೇಕು ಎಂಬುದು ಮ್ಯಾನುಯಲ್‌ನಲ್ಲಿ ಮೊದಲೇ ಅಚ್ಚಾಗಿರುತ್ತದೆ. ಹುಡುಗರು ರೀಡಿಂಗನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾರೆ. ಉತ್ತರ ಕೂಡಿಬಂದರೆ ಅದರ ಮೇಲೆ ಇಂಕಿನಲ್ಲಿ ತಿದ್ದುತ್ತಾರೆ. ಬರದಿದ್ದರೆ ಅಳಿಸಿ, ಉತ್ತರದಿಂದ ಹಿಂದಕ್ಕೆ ಗುಣಿಸಿ ಭಾಗಿಸಿ, ಬೇಕಾದ ರೀಡಿಂಗನ್ನು ತಾವೇ ಹುಟ್ಟಿಸುತ್ತಾರೆ. ಇದಕ್ಕೆ ನಮ್ಮಲ್ಲಿ ‘ಅಡ್ಜಸ್ಟ್ ಮಾಡೋದು’ ಅನ್ನುತ್ತಾರೆ. ನಮ್ಮ ಲ್ಯಾಬ್ ಅಟೆಂಡರ್ ದ್ಯಾಮಣ್ಣ ಹಳೆಯ ರ‍್ಯಾಂಕ್ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟು, ಪರೀಕ್ಷೆ ಹತ್ತಿರ ಬಂದಾಗ ಗಾಬರಿಬಿದ್ದ ಮಕ್ಕಳಿಗೆ ಕೊಡುತ್ತಿದ್ದ. ನಾನು ಎಲ್ಲಕ್ಕೂ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ. ನಾನೂ ಹಾಗೆಯೇ ಪಾಸಾದವಳು, ಬೇರೆಯವರಿಗೆ ಬುದ್ಧಿ ಹೇಳಲು ನನಗೆಲ್ಲಿದೆ ಬಾಯಿ?

ಶರಣಮ್ಮ ಮಾತ್ರ ಅಡ್ಜಸ್ಟ್ ಮಾಡುತ್ತಿರಲಿಲ್ಲ. ಕುಷ್ಟಗಿ ಕಡೆಯ ಹುಡುಗಿ. ಅಪ್ಪ ಬಸಪ್ಪ ಬಿಟಿಎಂ ಲೇಔಟ್‌ನ ಒಂದು ಆಫೀಸಿನಲ್ಲಿ ಅಟೆಂಡರ್, ಅಲ್ಲೇ ಎರಡು ಕೋಣೆಯ ಬಾಡಿಗೆ ಮನೆ. ಎರಡನೇ ವರ್ಷದಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಪ್ರಯೋಗದಲ್ಲಿ ಅವಳಿಗೆ ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ ಬಂತು.

“ಏನೇ ಇದು? ಇಷ್ಟು ಬರೋಕೆ ಸಾಧ್ಯಾನಾ? ನೋಡಿ ಸರಿಮಾಡ್ಕೋ” ಎಂದೆ.

“ಬಂದದ್ದು ಇಷ್ಟರೀ ಮೇಡಂ. ನಾ ಏನ್ ಮಾಡ್ಲಿ?” ಎಂದಳು. ಎದುರು ಮಾತಾಡುವ ಧ್ವನಿಯಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ನಾನು ಎರಡು ಅಂಕ ಕತ್ತರಿಸಿದೆ. ಆಮೇಲೆ ನೋಡಿದರೆ ದ್ಯಾಮಣ್ಣ ಹೊಸ ಡಬ್ಬಿಯಿಂದ ತೆಗೆದುಕೊಟ್ಟ ರಾಸಾಯನಿಕವೇ ಕೆಟ್ಟಿತ್ತು. ಕತ್ತರಿಸಿದ ಅಂಕವನ್ನು ವಾಪಸು ಕೊಡಲಿಲ್ಲ, ಮರೆತುಬಿಟ್ಟೆ.

ಕಡೆಯ ವರ್ಷದಲ್ಲಿ ಅವಳೇ ಒಂದು ಯೋಜನೆ ಹಿಡಿದುಕೊಂಡು ಬಂದಳು. ಬೇಗೂರು ಕೆರೆಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಎಷ್ಟಿವೆ, ತಿಂಗಳಿಂದ ತಿಂಗಳಿಗೆ ಎಷ್ಟು ಬದಲಾಗುತ್ತವೆ ಎಂದು ಎಣಿಸುವುದು. ನನ್ನದೊಂದು ಹಳೆಯ ನೈಲಾನ್ ಸೀರೆ ಕೊಟ್ಟೆ, ಅದರಲ್ಲಿ ಅವಳು ಬಲೆ ಹೊಲಿದಳು. ಪ್ರತಿ ಭಾನುವಾರ ಬಸ್ಸಿನಲ್ಲಿ ಬೇಗೂರಿಗೆ ಹೋಗಿ, ಅಲ್ಲಿನ ಗುಡಿಯ ನಾಗೇಶ್ವರನಿಗೆ ಕೈಮುಗಿದು, ಕೆರೆಗಿಳಿದು ನೀರು ತರುತ್ತಿದ್ದಳು. ಸೂಕ್ಷ್ಮದರ್ಶಕದ ಮುಂದೆ ಕೂತರೆ ಎರಡು ಗಂಟೆ ಅಲುಗಾಡುತ್ತಿರಲಿಲ್ಲ. ಅದೇ ವರ್ಷ ವಿದೇಶದ ಒಂದು ಪ್ರತಿಷ್ಠಾನ ಒಂದಷ್ಟು ದೇಶಗಳಿಂದ ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿಯ ಜೋಡಿಗಳನ್ನು ಆರಿಸಿ ಅಂಟಾರ್ಟಿಕಾ ಪ್ರವಾಸದ ಹಡಗಿನಲ್ಲಿ ಕರೆದೊಯ್ಯುವುದಾಗಿ ಪ್ರಕಟಿಸಿತ್ತು. ನಾನು ಬೇಗೂರಿನ ಅಂಕಿಅಂಶಗಳನ್ನು ಚೆಂದದ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಆಯ್ಕೆಯಾದೆವು. ಅಂದರೆ ನಿಜ ಹೇಳಬೇಕೆಂದರೆ ಅವಳ ಎಣಿಕೆ ಆಯ್ಕೆಯಾಯಿತು, ನಾನು ಅದರ ಜೊತೆಗೆ ಹೋದೆ.

ಬಸಪ್ಪ ಮಗಳನ್ನು ಏರ್‌ಪೋರ್ಟಿಗೆ ಬಿಡಲು ಬಂದಾಗ ನನ್ನ ಕೈಹಿಡಿದುಕೊಂಡು ಹೇಳಿದ್ದು ಇಷ್ಟೇ: “ನಿಮ್ಮ ಮಗಳಂತ ತಿಳ್ಕೊಂಡು ಕರ್ಕೊಂಡು ಹೋಗ್ರಿ ಅವ್ವಾರ. ನೀವು ಅದೀರಿ ಅಂತನ ಕಳಸಾಕತ್ತೀನಿ.”

ಅರ್ಜೆಂಟೀನಾದ ದಕ್ಷಿಣ ತುದಿಯಿಂದ ಹಡಗು ಹೊರಟಿತು. ತೊಂಬತ್ತು ಪ್ರವಾಸಿಗಳು, ಹೆಚ್ಚಿನವರು ನಮ್ಮಪ್ಪನ ವಯಸ್ಸಿನ ಶ್ರೀಮಂತರು. ಜೊತೆಗೆ ನಮ್ಮ ಎಂಟು ಜೋಡಿ. ನಮಗೆ ಮಾರ್ಗದರ್ಶಕಿಯಾಗಿ ಹೆಲ್ಗಾ ಎಂಬ ಸಮುದ್ರವಿಜ್ಞಾನಿ ಇದ್ದರು. ಅರವತ್ತು ದಾಟಿದ, ಬೆಳ್ಳಿಕೂದಲಿನ, ಮಾತು ಕಡಿಮೆಯ ಹೆಂಗಸು. ಮೊದಲ ದಿನವೇ ನಮ್ಮ ಕೆಲಸ ಏನೆಂದು ಬಿಡಿಸಿ ಹೇಳಿದರು. ಅಲ್ಲಿನ ಕಡಲಿನಲ್ಲಿ ಕ್ರಿಲ್ ಎಂಬ ಸೀಗಡಿಯಂಥ ಜೀವಿ ಇದೆ. ತಿಮಿಂಗಿಲ, ಸೀಲ್, ಪೆಂಗ್ವಿನ್ ಎಲ್ಲಕ್ಕೂ ಅದೇ ಅನ್ನ. ಕ್ರಿಲ್ ಮರಿಗಳು ಚಳಿಗಾಲದಲ್ಲಿ ಕಡಲ ಮೇಲೆ ಹೆಪ್ಪುಗಟ್ಟುವ ಮಂಜುಗಡ್ಡೆಯ ಅಡಿಗೆ ಅಂಟಿದ ಪಾಚಿ ತಿಂದು ಬದುಕುತ್ತವೆ. ಭೂಮಿ ಬಿಸಿಯಾಗಿ ಮಂಜು ಕಡಿಮೆಯಾದರೆ ಅವಕ್ಕೆ ಊಟವಿಲ್ಲ. ಆಗ ಅವುಗಳ ಜಾಗಕ್ಕೆ ಸಾಲ್ಪ್ ಎಂಬ ಇನ್ನೊಂದು ಜೀವಿ ಬರುತ್ತದೆ. ನೆನೆಸಿಟ್ಟ ಸಬ್ಬಕ್ಕಿಯ ಹಾಗೆ ಪಾರದರ್ಶಕ, ಪೆಂಗ್ವಿನ್ನಿಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಏಳು ಕಡೆ ಬಲೆ ಎಳೆದು, ಎಲ್ಲಿ ಕ್ರಿಲ್ ಎಷ್ಟು, ಸಾಲ್ಪ್ ಎಷ್ಟು ಎಂದು ಎಣಿಸಬೇಕು. ಬಲೆ ಎಳೆಯುವುದು ಎಲ್ಲರ ಕೆಲಸ, ಎಣಿಸುವ ಹೊಣೆ ಒಂದೊಂದು ಜೋಡಿಗೆ ಒಂದೊಂದು ಬಗೆ. ಕ್ರಿಲ್ ಮತ್ತು ಸಾಲ್ಪ್ ನಮ್ಮ ಪಾಲಿಗೆ ಬಂತು.

“ಮಂಜಿಲ್ಲದ ಕಡೆ ಸಾಲ್ಪ್ ಹೆಚ್ಚಿರುತ್ತದೆ ಎಂಬುದು ನನ್ನ ಊಹೆ. ನನ್ನ ಊಹೆಗೆ ಒಪ್ಪದ ಸಂಖ್ಯೆ ಸಿಕ್ಕಿದರೆ ಅದನ್ನೇ ಮೊದಲು ತಂದು ತೋರಿಸಿ” ಎಂದರು ಹೆಲ್ಗಾ. ನಾನು ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಕೂಡ ಎಳೆದೆ.

ಏಳು ದಿನ, ಏಳು ಜಾಗ. ರಬ್ಬರ್ ದೋಣಿಯಲ್ಲಿ ಇಳಿದು, ಕಾಲುಚೀಲದ ಆಕಾರದ ಬಲೆಯನ್ನು ಹತ್ತು ನಿಮಿಷ ಎಳೆದು, ಸಿಕ್ಕಿದ್ದನ್ನು ಗಾಜಿನ ಜಾಡಿಗೆ ಹಾಕಿ ಕೆಡದಿರಲೆಂದು ಫಾರ್ಮಲಿನ್ ಬಿಡುತ್ತಿದ್ದೆವು. ಶರಣಮ್ಮ ಪ್ರತಿ ಜಾಡಿಗೂ ಚೀಟಿ ಅಂಟಿಸುತ್ತಿದ್ದಳು: ಸಂಖ್ಯೆ, ದಿನ, ಜಾಗ. ಹಡಗಿನ ಕೆಳಗಿನ ಮಹಡಿಯ ಸಣ್ಣ ಪ್ರಯೋಗಾಲಯದಲ್ಲಿ ಕೂತು ಎಣಿಸಿ, ಪೆನ್ಸಿಲ್‌ನಲ್ಲಿ ಬರೆದು ನನಗೆ ಕೊಡುತ್ತಿದ್ದಳು. ನಾನು ಅದನ್ನು ಪಟ್ಟಿಗೆ ಏರಿಸುತ್ತಿದ್ದೆ. ನಾನು ಎಣಿಸಲಿಲ್ಲವೇ ಎಂದರೆ, ಇಲ್ಲ. ನಾನು ಮೇಲಿನ ಡೆಕ್‌ನಲ್ಲಿ ನಿಂತು ಪೆಂಗ್ವಿನ್ ಫೋಟೋ ಹೊಡೆಯುತ್ತಿದ್ದೆ. ಊರಿಗೆ ಹೋಗಿ ತೋರಿಸಬೇಕಿತ್ತಲ್ಲ.

ವಾಪಸು ಬರುವಾಗ ಕಡಲು ಮೂರಾಳು ಎತ್ತರ ಎದ್ದಿತು. ಶರಣಮ್ಮ ಹಾಸಿಗೆ ಹಿಡಿದಳು. ನೀರು ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಸಂಜೆ ಆರಕ್ಕೆ ಎಲ್ಲ ಜೋಡಿಗಳೂ ತಮ್ಮ ಫಲಿತಾಂಶ ಮಂಡಿಸಬೇಕಿತ್ತು, ಪ್ರವಾಸಿಗಳೂ ಕೇಳಲು ಬರುವವರಿದ್ದರು. ಮಧ್ಯಾಹ್ನ ನಾಲ್ಕಕ್ಕೆ ನಾನು ಪಟ್ಟಿ ಹರವಿಕೊಂಡು ಕೂತೆ. ಮಂಜಿದ್ದ ಮೂರು ಕಡೆ ಕ್ರಿಲ್ ಹೆಚ್ಚು, ಸಾಲ್ಪ್ ಕಡಿಮೆ. ಮಂಜಿಲ್ಲದ ಮೂರು ಕಡೆ ಸಾಲ್ಪ್ ಹೆಚ್ಚು, ಕ್ರಿಲ್ ಕಡಿಮೆ. ಪುಸ್ತಕದಲ್ಲಿದ್ದಂತೆಯೇ. ಆದರೆ ನಾಲ್ಕನೆಯದು, ಒಂದು ತುಂಡು ಮಂಜೂ ಇರದಿದ್ದ ಒಂದು ಕೊಲ್ಲಿ, ಅಲ್ಲಿ ಕ್ರಿಲ್ ಮರಿ ಇನ್ನೂರ ಹನ್ನೆರಡು, ಸಾಲ್ಪ್ ಒಂಬತ್ತು.

ನಾನು ಕ್ಯಾಬಿನ್ನಿಗೆ ಹೋಗಿ ಅವಳನ್ನು ಅಲುಗಾಡಿಸಿ ಕೇಳಿದೆ. “ನಾಲ್ಕನೇದು ಸರಿಯಾಗಿ ಎಣಿಸಿದ್ಯೇನೇ?”

“ಎಣಿಸೀನ್ರಿ ಮೇಡಂ” ಎಂದಳು ಕಣ್ಣು ಬಿಡದೆ.

“ಕಾಲಂ ಅದಲುಬದಲು ಆಗಿರಬೇಕು ಕಣಮ್ಮ. ಕ್ರಿಲ್‌ದು ಸಾಲ್ಪ್‌ಗೆ, ಸಾಲ್ಪ್‌ದು ಕ್ರಿಲ್‌ಗೆ ಬರೆದಿದೀಯ.”

“ಇಲ್ಲಂತ ಅನಸ್ತೈತ್ರಿ... ನೀವು ಅಂದ್ರ ಆಗಿರಬಹುದೇನೋ” ಎಂದು ಗೋಡೆಯ ಕಡೆಗೆ ಹೊರಳಿದಳು.

ಜಾಡಿ ಒಂದೇ ಮಹಡಿ ಕೆಳಗಿತ್ತು. ಒಂದೊಂದಾಗಿ ಎಣಿಸುವುದೂ ಬೇಕಿರಲಿಲ್ಲ, ಬೆಳಕಿಗೆ ಎತ್ತಿ ಹಿಡಿದಿದ್ದರೆ ಸಾಕಿತ್ತು. ಇನ್ನೂರು ಕ್ರಿಲ್ ಮರಿಗಳ ಕಪ್ಪು ಕಣ್ಣುಗಳು ಬರಿಗಣ್ಣಿಗೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ನಾನು ಇಳಿಯಲಿಲ್ಲ. ಹಡಗು ಓಲಾಡುತ್ತಿತ್ತು, ಮೆಟ್ಟಿಲು ಕಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಕಾಫಿ ಕುಡಿಯಲು ಅಷ್ಟೇ ಮೆಟ್ಟಿಲು ಹತ್ತಿ ಹೋಗಿದ್ದೆ ಎಂಬುದೂ ನಿಜ. ಅವಳ ಪೆನ್ಸಿಲ್ ಬರಹವನ್ನು ಅಳಿಸಿ, ಎರಡು ಅಂಕಿಗಳನ್ನು ಆಚೀಚೆ ಮಾಡಿ, ಅವಳ ಕೈಬರಹದ ಹಾಗೆಯೇ ಬರೆದು, ಮೇಲೆ ಇಂಕು ಹಾಕಿದೆ, ನನ್ನ ಪಟ್ಟಿಯಲ್ಲೂ ಹಾಗೆಯೇ ತಿದ್ದಿದೆ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಓಡಿತು.

ಸಂಜೆ, ಏಳು ಜಾಡಿಗಳ ಲೆಕ್ಕವನ್ನು ಕಡ್ಡಿಗಳಾಗಿ ಬಿಡಿಸಿದ ನನ್ನ ನಕ್ಷೆ ಎಷ್ಟು ಅಂದವಾಗಿ ಬಂದಿತ್ತೆಂದರೆ ಪ್ರವಾಸಿಗಳು ಎದ್ದುನಿಂತು ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿ ಪೆಂಗ್ವಿನ್‌ಗಳ ಗತಿ ನೆನೆದು ಕಣ್ಣೊರೆಸಿಕೊಂಡಳು. ಹೆಲ್ಗಾ ಮಾತ್ರ ನಾಲ್ಕನೆಯ ಜಾಗದ ಮೇಲೆ ಬೆರಳಿಟ್ಟು, “ಇಲ್ಲೂ ಹೀಗೆಯೇ ಬಂತೇ?” ಎಂದು ಕೇಳಿದರು. “ಹೌದು” ಎಂದೆ.

ಊರಿಗೆ ಹೊರಡುವ ಮುನ್ನ ಹೆಲ್ಗಾ ಶರಣಮ್ಮನಿಗೆ ಒಂದು ಮಾತು ಕೊಟ್ಟಿದ್ದರು. ತಮ್ಮ ಸಂಸ್ಥೆಯಲ್ಲಿ ಕಡಲಜೀವಿಗಳ ಬಗ್ಗೆ ಎರಡು ವರ್ಷದ ಕೋರ್ಸ್ ಇದೆ, ದೂರದೇಶದ ಮಕ್ಕಳಿಗೆ ಶುಲ್ಕವಿಲ್ಲ, ಅರ್ಜಿ ಹಾಕು, ಶಿಫಾರಸು ಪತ್ರ ನಾನು ಬರೆಯುತ್ತೇನೆ ಎಂದಿದ್ದರು. ಅವಳು ವಿಮಾನದಲ್ಲಿ ಊಟ ಬಿಟ್ಟು ಅದೇ ಮಾತಾಡುತ್ತಿದ್ದಳು. ನಾನೂ ಮನಸಾರೆ ಸಂತೋಷಪಟ್ಟೆ. ಪಟ್ಟಿಯ ವಿಷಯ ಆಗಲೇ ಮರೆತಿದ್ದೆ, ಪರೀಕ್ಷೆ ಮುಗಿದ ರೆಕಾರ್ಡನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಏಪ್ರಿಲ್‌ನಲ್ಲಿ ಹೆಲ್ಗಾ ಅವರ ಮೇಲ್ ಬಂತು. ಜಯನಗರ ನಾಲ್ಕನೇ ಬ್ಲಾಕಿನ ಸೈಬರ್ ಸೆಂಟರಿನಲ್ಲಿ ಕೂತು ಓದಿದೆ. ಹಡಗಿನಿಂದ ತಂದ ಜಾಡಿಗಳಲ್ಲಿ ನಾಲ್ಕನೆಯದನ್ನು ನಮ್ಮ ಪ್ರಯೋಗಾಲಯದಲ್ಲಿ ತೆರೆದೆವು, ಅದರಲ್ಲಿ ಕ್ರಿಲ್ ಮರಿಗಳೇ ತುಂಬಿವೆ, ನಿಮ್ಮ ಪಟ್ಟಿಗೆ ತದ್ವಿರುದ್ಧ. ಎಣಿಸಿದವರು ಯಾರು, ಪಟ್ಟಿ ಬರೆದವರು ಯಾರು, ಚೀಟಿ ಅಂಟಿಸಿದವರು ಯಾರು, ತಿಳಿಸಿ. ಮಂಜಿಲ್ಲದ ಕೊಲ್ಲಿಯಲ್ಲಿ ಕ್ರಿಲ್ ಉಳಿದಿರುವುದು ನಿಜವಾದರೆ ಅದು ಹೇಗೆ ಉಳಿಯಿತು ಎಂಬುದೇ ನಾವು ಕಲಿಯಬೇಕಾದ ಪಾಠ. ಇಷ್ಟು ಬರೆದಿದ್ದರು.

ನನ್ನ ಕಿವಿ ಬಿಸಿಯಾಯಿತು. ಆ ತಿಂಗಳೇ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡುವ ಮಾತು ನಡೆದಿತ್ತು. ಮೂರು ಶಾಲೆಗಳಲ್ಲಿ ನನ್ನ ಸ್ಲೈಡ್ ಭಾಷಣ ಆಗಿತ್ತು, ಇನ್ನೂ ಐದು ಬಾಕಿ ಇತ್ತು. ಮೂರು ಸಲ ಟೈಪ್ ಮಾಡಿ ಅಳಿಸಿ, ಕೊನೆಗೆ ಹೀಗೆ ಬರೆದೆ: “ಎಣಿಸಿದ್ದೂ ಚೀಟಿ ಅಂಟಿಸಿದ್ದೂ ನನ್ನ ವಿದ್ಯಾರ್ಥಿನಿ. ಅವಳಿಗೆ ಕಡಲಿನ ಅಭ್ಯಾಸವಿರಲಿಲ್ಲ, ತುಂಬ ಕಾಯಿಲೆಯಲ್ಲಿದ್ದಳು, ಜಾಡಿಗಳ ಚೀಟಿ ಅದಲುಬದಲಾಗಿರಬಹುದು. ಅವಳ ಗುರುವಾಗಿ ಪೂರ್ತಿ ಹೊಣೆ ನನ್ನದೇ.”

ಆ ಕೊನೆಯ ಸಾಲು ನೋಡಿ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಅವಳು ಕಾಯಿಲೆ ಬಿದ್ದದ್ದು ಏಳೂ ಜಾಡಿ ತುಂಬಿ, ಎಣಿಸಿ, ಮುಚ್ಚಿದ ಮೇಲೆ. ಅದು ನನಗೆ ಗೊತ್ತಿತ್ತು. ಹೆಲ್ಗಾ ಎರಡು ದಿನದಲ್ಲಿ ಉತ್ತರ ಕೊಟ್ಟರು. ವಿದ್ಯಾರ್ಥಿನಿಯ ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡ ನಿಮ್ಮ ದೊಡ್ಡತನಕ್ಕೆ ವಂದನೆ. ಚೀಟಿಯ ಬಗ್ಗೆಯೇ ಅನುಮಾನವಿರುವುದರಿಂದ ನಾಲ್ಕನೇ ಜಾಗವನ್ನು ಅಧ್ಯಯನದಿಂದ ಕೈಬಿಡುತ್ತಿದ್ದೇವೆ. ಆ ಹುಡುಗಿಗೆ ಶಿಫಾರಸು ಬರೆಯುವುದು ಸದ್ಯಕ್ಕೆ ಸಾಧ್ಯವಿಲ್ಲ, ನೀವೇ ಮೃದುವಾಗಿ ತಿಳಿಸಿ.

ಸ್ಟಾಫ್ ರೂಮಿನ ಬಾಗಿಲಲ್ಲಿ ಶರಣಮ್ಮ ಎರಡು ವಾರ ಕಾದಳು. ಮೂರನೆಯ ವಾರ ನಾನು ಮೃದುವಾಗಿ ತಿಳಿಸಿದೆ. “ನಾಲ್ಕನೇ ಜಾಡಿ ಎಣಿಕೆಯಲ್ಲಿ ಏನೋ ತೊಂದರೆ ಆಗಿದೆಯಂತಮ್ಮ. ಈ ಸಲ ಬೇಡ ಅಂದಿದ್ದಾರೆ. ಬೇಜಾರ್ ಮಾಡ್ಕೋಬೇಡ.”

ಅವಳು ಅಳಲಿಲ್ಲ. “ನನ್ನಿಂದ ನಿಮಗ ಕೆಟ್ಟ ಹೆಸರು ಬಂತ್ರಿ ಮೇಡಂ” ಎಂದು ನನ್ನ ಕಾಲು ಮುಟ್ಟಿ ಹೋದಳು. ಜೂನ್‌ನಲ್ಲಿ ಡಿಗ್ರಿ ಮುಗಿಯಿತು. ಆಮೇಲೆ ಅವಳ ಸುದ್ದಿ ಇರಲಿಲ್ಲ. ನಾನೂ ಹುಡುಕಲಿಲ್ಲ. ಮುಖ್ಯಸ್ಥೆಯಾದೆ. ಸಂಘದವರ ಶಾಲು, ಪೇಟ ಎಲ್ಲ ಆದದ್ದು ಅದೇ ಆಗಸ್ಟ್‌ನಲ್ಲಿ. ಎಲ್ಲಿಗೆ ಹೋದರೂ ಅದೇ ನಕ್ಷೆ ತೋರಿಸುತ್ತಿದ್ದೆ, ಆದರೆ ನಾಲ್ಕನೇ ಜಾಡಿಯ ಕಡ್ಡಿ ಬಂದಾಗ ಬೇಗ ಮುಂದಿನ ಸ್ಲೈಡಿಗೆ ಹಾರುತ್ತಿದ್ದೆ. ಒಂದು ದಿನ ಒಬ್ಬ ಪುಟ್ಟ ಹುಡುಗಿ ಕೈಯೆತ್ತಿ “ಮಿಸ್, ಆ ಕ್ರಿಲ್‌ನೆಲ್ಲ ಯಾರು ಎಣಿಸಿದ್ದು?” ಎಂದು ಕೇಳಿದಳು. ಲೋಟದ ನೀರು ಕುಡಿದು, ನಮ್ಮ ತಂಡ ಎಂದೆ. ಆ ದಿನ ಮನೆಗೆ ಬಂದು ಅಡುಗೆ ಮಾಡಲು ಮನಸ್ಸಾಗಲಿಲ್ಲ.

ಕಳೆದ ಅಕ್ಟೋಬರಿನಲ್ಲಿ, ಅಂದರೆ 2008ರಲ್ಲಿ, ನಮ್ಮ ಯಜಮಾನರಿಗೆ ಜ್ವರ ಬಂತು. ನಾಲ್ಕನೇ ದಿನವೂ ಬಿಡದಿದ್ದಾಗ ಕತ್ರಿಗುಪ್ಪೆಯ ನಮ್ಮ ಡಾಕ್ಟರು ರವಿಕುಮಾರ್ ಅಲ್ಲೇ ಪಕ್ಕದ ಲ್ಯಾಬಿನಲ್ಲಿ ರಕ್ತ ಕೊಡಲು ಹೇಳಿದರು. ಸುತ್ತಮುತ್ತ ಎಲ್ಲ ಡೆಂಗ್ಯೂ. ಬೆಳಿಗ್ಗೆ ರಕ್ತ ಕೊಟ್ಟು ಬಂದೆವು. ಹತ್ತು ಗಂಟೆಗೆ ಡಾಕ್ಟರು ಫೋನ್ ಮಾಡಿ, ಯಂತ್ರದ ಪ್ರಕಾರ ಪ್ಲೇಟ್‌ಲೆಟ್ ಹತ್ತೊಂಬತ್ತು ಸಾವಿರಕ್ಕೆ ಇಳಿದಿದೆ, ಆಸ್ಪತ್ರೆಗೆ ಸೇರಿಸಲು ತಯಾರಾಗಿ, ರಕ್ತ ಕೊಡುವವರನ್ನು ಹುಡುಕಿ ಎಂದರು. ನಾನು ಫೋನ್ ಇಟ್ಟವಳೇ ಬೀರುವಿನಿಂದ ಬಟ್ಟೆ ಎಳೆಯತೊಡಗಿದೆ. ಇವರು ಹಾಸಿಗೆಯಲ್ಲಿ ಕೂತು “ಗಾಬರಿ ಆಗ್ಬೇಡ ಕಣೇ, ನೀನೇ ಸೈಂಟಿಸ್ಟು” ಎಂದು ನಗಲು ನೋಡಿದರು.

ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಲ್ಯಾಬಿನಿಂದ ಫೋನ್ ಬಂತು. “ಮೇಡಂ, ಶ್ರೀನಿವಾಸಮೂರ್ತಿಯವರ ಮನೀನಾ? ಈಗ್ಲೇ ಆಸ್ಪತ್ರೆಗೆ ಅವಸರ ಮಾಡಬ್ಯಾಡ್ರಿ. ಯಂತ್ರ ಹತ್ತೊಂಬತ್ತು ತೋರಿಸೈತಿ, ಆದ್ರ ನಾ ಸ್ಲೈಡ್ ಮಾಡಿ ನೋಡೀನಿ, ಪ್ಲೇಟ್‌ಲೆಟ್ ಎಲ್ಲಾ ಗುಂಪುಗುಂಪಾಗಿ ಅಂಟ್ಕೊಂಡಾವ, ಯಂತ್ರಕ್ಕ ಅದು ಗೊತ್ತಾಗೂದಿಲ್ಲ. ಒಂದೂವರೆ ಲಕ್ಷದ ಹತ್ರ ಐತ್ರಿ. ಬ್ಯಾರೆ ಟ್ಯೂಬಿನ್ಯಾಗ ಇನ್ನೊಂದ್ಸಲ ರಕ್ತ ಕೊಡ್ರಿ, ಖಾತ್ರಿ ಮಾಡ್ಕೊಳ್ಳೋಣು. ಡಾಕ್ಟರಿಗೂ ಹೇಳೀನಿ.”

ಬೇರೆ ಯಾರದಾದರೂ ಧ್ವನಿಯಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಆ ಕ್ಷಣದಲ್ಲೂ ಅನ್ನಿಸಿತು.

ಇವರನ್ನು ಆಟೋ ಹತ್ತಿಸಿ ಲ್ಯಾಬಿಗೆ ಕರೆದುಕೊಂಡು ಹೋದೆ. ಬಿಳಿ ಕೋಟು ಹಾಕಿಕೊಂಡು ಶರಣಮ್ಮ ಒಳಗಿನಿಂದ ಬಂದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. “ಅಯ್ಯ ಮೇಡಂ, ನಮ್ಮ ಸಾರ್‌ದೇನ್ರಿ ಇದು! ಗೊತ್ತಾಗ್ಲಿಲ್ಲ ನೋಡ್ರಿ” ಎಂದು ಬಗ್ಗಿ ನಮಸ್ಕಾರ ಮಾಡಿದಳು. ಈಗ ಕುಮಾರಸ್ವಾಮಿ ಲೇಔಟ್‌ನಲ್ಲಿ ಮನೆ, ಡಿಗ್ರಿ ಆದಮೇಲೆ ಆರು ತಿಂಗಳ ಲ್ಯಾಬ್ ಕೋರ್ಸ್ ಮಾಡಿ ಇಲ್ಲಿ ಸೇರಿದ್ದಾಳಂತೆ. ತಾನೇ ರಕ್ತ ತೆಗೆದಳು, ಇವರಿಗೆ ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ. ಇವರನ್ನು ಆಟೋದಲ್ಲಿ ಮನೆಗೆ ಕಳಿಸಿ, ನಾನು ಫಲಿತಾಂಶಕ್ಕಾಗಿ ಕಾದು ಕೂತೆ. ಮುಕ್ಕಾಲು ಗಂಟೆಯ ಮೇಲೆ ಅವಳು ಬಂದು, “ಒಂದು ಲಕ್ಷದ ನಲವತ್ತೆಂಟು ಸಾವಿರ ರೀ. ಏನೂ ಚಿಂತಿಲ್ಲ” ಎಂದಳು.

ಸ್ವಾಗತದ ಮೇಜಿನಲ್ಲಿ ಕಿಟ್ಟಿ ಎಂಬ ಕನ್ನಡಕದ ಯುವಕ ಇದ್ದ. “ನೀವು ಇವರ ಟೀಚರ್ರಾ ಆಂಟಿ? ಸಖತ್ ಜಾಗ್ರತೆ ಇವ್ರು. ನಾವೆಲ್ಲ ಒಂದ್ಸಲ ನೋಡಿ ಕೈ ತೊಳ್ಕೊಂಡ್ರೆ ಇವ್ರು ಪ್ರತಿ ಸ್ಲೈಡೂ ಮೂರ್ ಸಲ ಎಣಿಸ್ತಾರೆ. ಓನರ್ ಕೈಲಿ ದಿನಾ ಬೈಸ್ಕೊಳ್ತಾರೆ ಲೇಟು ಅಂತ” ಎಂದ.

ಶರಣಮ್ಮ ನಾಚಿಕೊಂಡಳು. ನನ್ನ ಕಡೆ ತಿರುಗಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. “ಹಡಗಿನ್ಯಾಗ ಹಂಗ ತಪ್ಪು ಮಾಡಿದ್ನಲ್ರೀ. ಆವಾಗಿಂದ ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಕಿ ಇಲ್ಲ. ಒಮ್ಮೆ ಎಣಿಸಿದ್ರ ಸಮಾಧಾನ ಆಗೂದಿಲ್ರಿ.”

ಹದಿನೆಂಟು ತಿಂಗಳು ನಾನು ಒಂದು ಲೆಕ್ಕಾಚಾರದಲ್ಲಿ ಬದುಕಿದ್ದೆ. ಅವಳಿಗೆ ಒಂದು ಕೋರ್ಸ್ ತಪ್ಪಿತು, ಇನ್ನೊಂದು ಸಿಗುತ್ತದೆ, ಬುದ್ಧಿವಂತೆ, ಹೇಗೋ ಬದುಕಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನಾನು ಅವಳಿಂದ ಕಿತ್ತುಕೊಂಡದ್ದು ಏನೆಂದು ಆ ಬೆಂಚಿನ ಮೇಲೆ ಕೂತಾಗ ತಿಳಿಯಿತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

“ಶರಣಮ್ಮ, ಒಂದು ನಿಮಿಷ ಒಳಗೆ ಬರಬಹುದಾ?” ಎಂದೆ.

ಒಳಗೆ ಸೂಕ್ಷ್ಮದರ್ಶಕದ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದೆ. ಸುತ್ತಿ ಬಳಸದೆ ಹೇಳಬೇಕೆಂದುಕೊಂಡಿದ್ದರೂ ಮಧ್ಯೆ ಮಧ್ಯೆ ಹಡಗಿನ ಓಲಾಟ, ಆರು ಗಂಟೆಯ ಕಾರ್ಯಕ್ರಮ ಎಂದೆಲ್ಲ ನೆಪಗಳು ನುಗ್ಗಿಬಂದವು. ನಿನ್ನ ಕೈಬರಹದಂತೆ ಬರೆದು ಪಟ್ಟಿ ತಿದ್ದಿದ್ದು ನಾನು, ಜಾಡಿಯಲ್ಲಿ ಇದ್ದದ್ದು ಕ್ರಿಲ್, ಹೆಲ್ಗಾ ಕೇಳಿದಾಗ ನಿನ್ನ ತಲೆಗೆ ಕಟ್ಟಿದ್ದೂ ನಾನೇ ಎಂದೆ.

ಅವಳು ಮೇಜಿನ ಮೇಲಿದ್ದ ಸ್ಲೈಡನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, “ನನ್ನ ಎಣಿಕಿ ಸರಿ ಇತ್ತು?” ಎಂದಳು.

“ಸರಿ ಇತ್ತು.”

“ಚೀಟಿ?”

“ಅದೂ ಸರಿ ಇತ್ತು.”

“ಇನ್ನೂರ ಹನ್ನೆರಡು” ಎಂದಳು. “ಆ ಕೊಲ್ಲಿ ನನಗ ಕಣ್ಣಿಗೆ ಕಟ್ಟಿದಂಗೈತಿ. ಎಣಿಸಿ ಖುಷಿಯಾಗಿ ನಿಮಗ ಹೇಳಾಕ ಮ್ಯಾಲೆ ಓಡಿ ಬಂದಿದ್ನಿ. ನೀವು ಫೋಟೋ ತಗಿಯಾಕತ್ತಿದ್ರಿ.”

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಗ್ಲೌಸ್ ಬಿಚ್ಚಿದಳು. ಹೊರಗೆ ಬಂದು ಕಿಟ್ಟಿಗೆ ಅರ್ಧ ಗಂಟೆ ನೋಡಿಕೊಳ್ಳಲು ಹೇಳಿ, ರಸ್ತೆ ದಾಟಿ ಎದುರಿನ ಸೈಬರ್ ಸೆಂಟರಿನ ಮೆಟ್ಟಿಲು ಹತ್ತಿದಳು. ಬಾ ಎಂದು ಕರೆಯಲಿಲ್ಲ. ನಾನು ಹಿಂದೆ ಹೋದೆ.

ಕುರ್ಚಿ ಎಳೆದು ನನ್ನನ್ನು ಕೂರಿಸಿ, ಅವಳು ಹಿಂದೆ ನಿಂತಳು. ನಾನು ಹೆಲ್ಗಾ ಅವರಿಗೆ ಬರೆಯತೊಡಗಿದೆ. ದುರದೃಷ್ಟವಶಾತ್ ನಡೆದ ಒಂದು ತಪ್ಪಿನಿಂದಾಗಿ, ಎಂದು ಶುರುಮಾಡಿದೆ.

“ತಪ್ಪು ಅಂತ ಬರೀಬ್ಯಾಡ್ರಿ” ಎಂದಳು ಹಿಂದಿನಿಂದ. “ತಪ್ಪು ನಾ ಮಾಡೀನಿ ಅಂತ ಇಷ್ಟು ದಿನ ತಿಳ್ಕೊಂಡಿದ್ನಿ. ಅದು ಬ್ಯಾರೆ, ಇದು ಬ್ಯಾರೆ. ಬದಲಾಯಿಸಿದೆ ಅಂತ ಬರೀರಿ.”

ಅಳಿಸಿದೆ. ನಾನು ಬದಲಾಯಿಸಿದೆ ಎಂದು ಬರೆದೆ.

“ಯಾರ ಕೈಬರಹದಾಗ ಬರದ್ರಿ, ಅದನ್ನೂ ಬರೀರಿ.”

ಅದನ್ನೂ ಬರೆದೆ. ಅವಳು ಕಾಯಿಲೆ ಬಿದ್ದದ್ದು ಎಲ್ಲ ಎಣಿಕೆ ಮುಗಿದ ಮೇಲೆ ಎಂದು ಅವಳು ಹೇಳದೆಯೇ ಬರೆದೆ.

“ಯಾಕ ಬದಲಾಯಿಸಿದ್ರಿ, ಈಗ ಅದನ್ನ ಬರೀರಿ.”

ಬೆರಳು ನಿಂತವು. ಕಾರಣ ಏನೆಂದು ಬರೆಯಲಿ? ಹಡಗು ಓಲಾಡಿತೆಂದೇ, ಸಮಯವಿರಲಿಲ್ಲವೆಂದೇ? ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ಜಾತಕ ಪ್ರಿಂಟ್ ಹಾಕಿಸುತ್ತಿದ್ದರು. ಅವಳು ಅವಸರ ಮಾಡಲಿಲ್ಲ, ಅಲ್ಲಿಯೇ ನಿಂತಿದ್ದಳು. ಕೊನೆಗೆ ನನಗೆ ತಿಳಿದ ಒಂದೇ ಸತ್ಯವನ್ನು ಬರೆದೆ: ಉತ್ತರ ಏನು ಬರಬೇಕೆಂದು ನನಗೆ ಮೊದಲೇ ಗೊತ್ತಿತ್ತು, ಹಾಗಾಗಿ ನಾನು ಜಾಡಿಯನ್ನು ನೋಡಲಿಲ್ಲ.

ಅವಳು ಬಗ್ಗಿ ಪೂರ್ತಿ ಓದಿದಳು. “ನನಗ ಒಂದು ಕಾಪಿ, ನಿಮ್ಮ ಪ್ರಿನ್ಸಿಪಾಲರಿಗೆ ಒಂದು ಕಾಪಿ ಹಾಕ್ರಿ” ಎಂದಳು. ಪ್ರಿನ್ಸಿಪಾಲರ ವಿಳಾಸವನ್ನೂ ಟೈಪ್ ಮಾಡಿದೆ. ಕಳಿಸಿದೆ. ತಿರುಗಿ ನೋಡಿದಾಗ ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ಹೆಲ್ಗಾ ಅವರ ಉತ್ತರ ಬಂದಿತ್ತು. ಶರಣಮ್ಮನಿಗೆ ಬರೆದದ್ದು, ನನಗೆ ಬರೀ ಕಾಪಿ. ಜಾಡಿಯನ್ನು ಎಸೆದಿಲ್ಲ, ನಿನ್ನ ಮೂಲ ಟಿಪ್ಪಣಿಗಳಿದ್ದರೆ ಕಳಿಸು ಎಂದಿತ್ತು. ಕೋರ್ಸಿನ ಬಗ್ಗೆ ಮಾತಿರಲಿಲ್ಲ. ನನ್ನ ಹೆಸರೂ ಇರಲಿಲ್ಲ. ಪ್ರಿನ್ಸಿಪಾಲರು ಸೋಮವಾರ ಬಂದು ಕಾಣಲು ಹೇಳಿದ್ದರು. ಯಜಮಾನರಿಗೆ ರಾತ್ರಿಯೇ ಎಲ್ಲ ಹೇಳಿದ್ದೆ. ಅವರು ತಮಾಷೆ ಮಾಡಲಿಲ್ಲ, ಗೋಡೆ ನೋಡುತ್ತ ಮಲಗಿದ್ದರು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಡಾಕ್ಟರು ಅವತ್ತು ಇನ್ನೊಮ್ಮೆ ರಕ್ತ ನೋಡಬೇಕೆಂದಿದ್ದರು. ಕಿಟ್ಟಿಯೇ ಮನೆಗೆ ಬಂದು ತೆಗೆದುಕೊಂಡು ಹೋದ. ಮಧ್ಯಾಹ್ನ ರಿಪೋರ್ಟ್ ತರಲು ನಾನು ಹೋದೆ. ಇನ್ನೂ ಒಂದು ಗಂಟೆಯಾದರೂ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಏನಾದರೂ ಮಾತಾಡೋಣ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಕಿಟ್ಟಿ ಆಗಲೇ ಕವರ್ ತೆಗೆದು ಮೇಜಿನ ಮೇಲಿಟ್ಟ.

“ಇಷ್ಟು ಬೇಗ ಆಯ್ತಾ? ಶರಣಮ್ಮ ಮೂರು ಸಲ ಎಣಿಸಿದ್ಲಾ?” ಎಂದೆ.

“ಇಲ್ಲ ಆಂಟಿ, ಇವತ್ತು ಬೆಳಿಗ್ಗೆಯಿಂದ ಅವ್ರು ಎಲ್ಲಾನೂ ಒಂದೇ ಸಲ ನೋಡಿ ಸೈನ್ ಹಾಕ್ತಿದ್ದಾರೆ. ಓನರ್‌ಗೇ ಆಶ್ಚರ್ಯ” ಎಂದ ಕಿಟ್ಟಿ ನಗುತ್ತ.

ಒಳಗೆ ಹೋಗುವ ಬಾಗಿಲು ಅರ್ಧ ತೆರೆದಿತ್ತು. ಬಿಳಿ ಕೋಟಿನ ಬೆನ್ನು ಕಾಣಿಸುತ್ತಿತ್ತು. ನಾನು ಎರಡು ಹೆಜ್ಜೆ ಇಟ್ಟೆ.

ಕಿಟ್ಟಿ ಎದ್ದುನಿಂತು, ಮುಜುಗರದಿಂದ ತಲೆ ಕೆರೆದುಕೊಂಡ. “ಬೇಜಾರ್ ಮಾಡ್ಕೋಬೇಡಿ ಆಂಟಿ. ನೀವು ಬಂದ್ರೆ ಒಳಗೆ ಬಿಡಬೇಡ ಅಂತ ಹೇಳಿದ್ದಾರೆ.”

ನಾನು ರಿಪೋರ್ಟ್ ತೆಗೆದುಕೊಂಡು ಮನೆಗೆ ಬಂದೆ.